ಮಲಾಗದಲ್ಲಿ ಮನೆ: ಮುಂಗಡ ಕೊಡುವ ಮುನ್ನ

ಪ್ರಶ್ನೆ: ಮಗಳು ಸ್ಪೇನಿನ ಮಲಾಗದಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿ ನನ್ನ ಹೆಸರಿಗೆ ಹಳೆಯ ಫ್ಲಾಟ್ ಕೊಳ್ಳುವ ಯೋಚನೆ ಇದೆ. ದಲ್ಲಾಳಿ ಶೇ. 10 ಮುಂಗಡ ಕೇಳುತ್ತಿದ್ದಾನೆ. ಮನೆ ಕೊಂಡರೆ ವೀಸಾ ಸಿಗುತ್ತದೆಯೇ?
– ಓದುಗರು, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಸಿಗುವುದಿಲ್ಲ. 5 ಲಕ್ಷ ಯೂರೋ ಹೂಡಿದವರಿಗೆ ಕೊಡುತ್ತಿದ್ದ ವಾಸದ ಪರವಾನಗಿ 2025ರ ಏಪ್ರಿಲ್ 3ಕ್ಕೆ ರದ್ದಾಯಿತು. ವೀಸಾ ಆಸೆ ತೋರಿಸುವ ದಲ್ಲಾಳಿಯನ್ನು ನಂಬಬೇಡಿ.

ಮುಂಗಡ ಈಗಲೇ ಕೊಡಬೇಡಿ. 'ಅರ್ರಾಸ್' ಎಂಬ ಮುಂಗಡ ಕರಾರಿನ ಸಾಮಾನ್ಯ ರೂಪದಲ್ಲಿ ನೀವು ಹಿಂದೆ ಸರಿದರೆ ಆ ಹಣ ಹೋಯಿತು. ಮಾರುವವರು ಸರಿದರೆ ಎರಡರಷ್ಟು ಕೊಡಬೇಕು. ಸಹಿಗೆ ಮೊದಲು ಆಸ್ತಿ ನೋಂದಣಿ ಕಚೇರಿಯಿಂದ 'ನೋಟಾ ಸಿಂಪ್ಲೆ' ತೆಗೆಸಿ. ನಮ್ಮ ಇಸಿ (ಋಣಭಾರ ಪ್ರಮಾಣಪತ್ರ) ಇದ್ದಂತೆ ಅದು: ಮಾಲೀಕರು ಯಾರು, ಅಡಮಾನ, ಜಪ್ತಿ ಇದೆಯೇ ಎಂಬುದೆಲ್ಲ ಅದರಲ್ಲಿರುತ್ತದೆ. ಕಟ್ಟಡ ಸಂಘದ ಬಾಕಿ ಇಲ್ಲವೆಂಬ ಪತ್ರವನ್ನೂ ಕೇಳಿ. ಈ ವರ್ಷದ ಮತ್ತು ಹಿಂದಿನ ಮೂರು ವರ್ಷಗಳ ನಿರ್ವಹಣೆ ಬಾಕಿ ಮನೆಯ ಜೊತೆಗೇ ನಿಮ್ಮ ತಲೆಗೆ ಬರುತ್ತದೆ. ಮಾರಾಟ ಪತ್ರಕ್ಕೆ ಸಹಿ ಹಾಕಿಸುವ ನೋಟರಿ ನಿಮ್ಮ ಪರ ವಕೀಲರಲ್ಲ. ಮಾರುವವರಿಗೆ ಸಂಬಂಧವಿಲ್ಲದ ವಕೀಲರನ್ನು ನೀವೇ ಹಿಡಿಯಿರಿ.

ಎನ್‌ಐಇ ಎಂಬ ವಿದೇಶಿಯರ ಗುರುತಿನ ಸಂಖ್ಯೆಗೆ ಬೇಗ ಅರ್ಜಿ ಹಾಕಿ, ಅದಿಲ್ಲದೆ ತೆರಿಗೆ ಕಟ್ಟಲಾಗದು. ಹಳೆಯ ಮನೆಗೆ ಮಲಾಗ ಇರುವ ಆಂಡಲೂಸಿಯಾ ಪ್ರದೇಶದಲ್ಲಿ ವರ್ಗಾವಣೆ ತೆರಿಗೆ ಶೇ. 7. ಮಾರುವವರು ಸ್ಪೇನ್ ನಿವಾಸಿಯಲ್ಲದಿದ್ದರೆ ಬೆಲೆಯಲ್ಲಿ ಶೇ. 3 ಹಿಡಿದು ಅಲ್ಲಿನ ತೆರಿಗೆ ಇಲಾಖೆಗೆ ನೀವೇ ಕಟ್ಟಬೇಕು.

ಹಣವನ್ನು ಬ್ಯಾಂಕ್ ಮೂಲಕವೇ ಕಳಿಸಿ. ಎಲ್‌ಆರ್‌ಎಸ್ (ವಿದೇಶಕ್ಕೆ ಹಣ ಕಳಿಸುವ ರಿಸರ್ವ್ ಬ್ಯಾಂಕ್ ಯೋಜನೆ) ಮಿತಿ ಆರ್ಥಿಕ ವರ್ಷಕ್ಕೆ ತಲಾ 2.5 ಲಕ್ಷ ಡಾಲರ್. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಶೇ. 20 ಟಿಸಿಎಸ್ (ಬ್ಯಾಂಕೇ ಮೊದಲೇ ವಸೂಲು ಮಾಡುವ ತೆರಿಗೆ) ಹಿಡಿಯುತ್ತಾರೆ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಮನೆಯನ್ನು ಪ್ರತಿ ವರ್ಷ ಅದೇ ರಿಟರ್ನ್ಸ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಲೇಬೇಕು.