ಲೀಡ್ ಆದಮೇಲೂ ಹಳೆಯ ಕೆಲಸ ಬೆನ್ನು ಬಿಡುತ್ತಿಲ್ಲವೇ?

ಒಂದೇ ಕಂಪನಿಯಲ್ಲಿದ್ದು ತಾಂತ್ರಿಕ ಕೆಲಸದಿಂದ ತಂಡ ನಡೆಸುವ ಹೊಣೆಗೆ ಬಂದ ಓದುಗರ ಪ್ರಶ್ನೆಗಳು ಈ ಸಲ.

ಪ್ರಶ್ನೆ: ಎಂಟು ವರ್ಷದಿಂದ ಒಂದೇ ಕಂಪನಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಮೂರು ತಿಂಗಳ ಹಿಂದೆ ಆರು ಜನರ ತಂಡಕ್ಕೆ ಲೀಡ್ ಮಾಡಿದರು. ಹಗಲೆಲ್ಲ ಮೀಟಿಂಗ್, ನಡುನಡುವೆ ಹಳೆಯ ಮಾಡ್ಯೂಲ್ (ಸಾಫ್ಟ್‌ವೇರ್‌ನ ಒಂದು ಭಾಗ) ಬಗ್ಗೆ ಕೇಳಿಕೊಂಡು ಬರುವವರು. ನನ್ನ ಕೋಡ್‌ಗೆ ಕೂರುವಷ್ಟರಲ್ಲಿ ರಾತ್ರಿ ಹತ್ತು. ಎರಡೂ ಅರೆಬರೆ ಆಗುತ್ತಿದೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ನಿಮಗೆ ಹೊಸ ಕೆಲಸ ಕೊಟ್ಟವರು ಹಳೆಯದನ್ನು ನಿಮ್ಮ ಹೆಗಲಿನಿಂದ ಇಳಿಸಲಿಲ್ಲ. ಕಂಪನಿ ಬಿಟ್ಟು ಹೋಗುವವರಿಗಾದರೆ ನೋಟಿಸ್ ಅವಧಿ, ಒಪ್ಪಿಸಬೇಕಾದ ಕೆಲಸಗಳ ಪಟ್ಟಿ, ಕೊನೆಯ ದಿನ ಎಲ್ಲವೂ ಇರುತ್ತವೆ. ಅಲ್ಲೇ ಇದ್ದು ಮೇಲೆ ಬಂದವರಿಗೆ ಇದ್ಯಾವುದೂ ಇರುವುದಿಲ್ಲ. ಯಾವ ತೊಂದರೆಗೆ ನಿಮ್ಮನ್ನು ಹುಡುಕಬೇಕೆಂಬುದು ಎಂಟು ವರ್ಷದಲ್ಲಿ ಎಲ್ಲರಿಗೂ ರೂಢಿಯಾಗಿದೆ. ಹುದ್ದೆಯ ಹೆಸರು ಬದಲಾದ ಮಾತ್ರಕ್ಕೆ ಆ ರೂಢಿ ಹೋಗದು. ಹಾಗಾಗಿ ಬಿಟ್ಟು ಹೋಗುವವರಂತೆಯೇ ಕೆಲಸ ಒಪ್ಪಿಸಿ. ಕೊನೆಯ ದಿನ ಯಾವುದೆಂದು ಮ್ಯಾನೇಜರ್ ಜೊತೆ ಕೂತು ಗೊತ್ತುಮಾಡಿಕೊಳ್ಳಿ.

ಮೊದಲ ಎರಡು ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ ಅಷ್ಟೆ: ಯಾರು ಬಂದರು, ಏನು ಕೇಳಿದರು, ಎಷ್ಟು ಹೊತ್ತು ಹಿಡಿಯಿತು. ಆಮೇಲೆ ಪಟ್ಟಿಯನ್ನು ನೋಡಿದರೆ ಮೂರು ಬಗೆ ಕಾಣುತ್ತವೆ. ಕೆಲವು ನಿಜಕ್ಕೂ ಲೀಡ್ ಮಾಡಬೇಕಾದವು. ಕೆಲವು ಬೇರೆಯವರಿಗೂ ಗೊತ್ತಿದ್ದು, ಅಭ್ಯಾಸಬಲದಿಂದ ನಿಮ್ಮ ಬಳಿ ಬಂದವು. ಇವನ್ನು ಉತ್ತರಿಸದೆ, ಗೊತ್ತಿರುವವರ ಹೆಸರು ಹೇಳಿ ಅಲ್ಲಿಗೆ ಕಳಿಸಿ. ಉಳಿದವು ನಿಮಗೊಬ್ಬರಿಗೇ ಗೊತ್ತಿರುವವು. ಕಷ್ಟ ಇರುವುದು ಇಲ್ಲೇ.

ಅಂಥ ಒಂದೊಂದು ಕೆಲಸಕ್ಕೂ ಒಬ್ಬರನ್ನು ಗೊತ್ತುಮಾಡಿ, ಮೂರು ಸುತ್ತಿನಲ್ಲಿ ಒಪ್ಪಿಸಿ. ಮೊದಲ ಸುತ್ತಿನಲ್ಲಿ ನೀವು ಮಾಡಿ, ಅವರು ನೋಡಲಿ. ಎರಡನೆಯದರಲ್ಲಿ ಅವರು ಮಾಡಲಿ, ನೀವು ಪಕ್ಕದಲ್ಲಿರಿ, ಕೀಬೋರ್ಡ್ ಮುಟ್ಟಬೇಡಿ. ಮೂರನೆಯದರಲ್ಲಿ ಅವರೊಬ್ಬರೇ. ಎರಡು ವಾರಕ್ಕೊಮ್ಮೆ ಹೊಸ ಆವೃತ್ತಿ ರಿಲೀಸ್ ಆಗುವ ತಂಡದಲ್ಲಿ, ರಿಲೀಸ್‌ಗೊಂದು ಸುತ್ತಿನಂತೆ, ಇದಕ್ಕೆ ಆರು ವಾರ ಬೇಕು. ಎರಡನೇ ಸುತ್ತನ್ನು ಹಾರಿಸಿದವರೇ ಆಮೇಲೆ ‘ಹೇಳಿಕೊಟ್ಟರೂ ಬರಲಿಲ್ಲ’ ಎನ್ನುವುದು.

ಕೆಲಸದ ಟಿಪ್ಪಣಿಯನ್ನು ಕಲಿಯುವವರೇ ಬರೆಯಲಿ. ನೀವು ಬರೆದರೆ, ಕೈಗೆ ಅಭ್ಯಾಸವಾಗಿರುವ ಹೆಜ್ಜೆಗಳು ಬಿಟ್ಟುಹೋಗುತ್ತವೆ. ಉದಾಹರಣೆಗೆ, ಡೇಟಾಬೇಸ್‌ನ ಟೇಬಲ್‌ಗೆ ಹೊಸ ಕಾಲಂ ಸೇರಿಸುವಾಗ ಡೇಟಾಬೇಸ್ ಬದಲಾವಣೆ ಮೊದಲು, ಕೋಡ್ ಆಮೇಲೆ. ಕಾಲಂ ತೆಗೆಯುವಾಗ ಅದನ್ನು ಬಳಸುವ ಕೋಡ್ ಮೊದಲು ಹೋಗಬೇಕು, ಕಾಲಂ ಆಮೇಲೆ. ನೀವು ಇದನ್ನು ಯೋಚಿಸದೆಯೇ ಮಾಡುತ್ತೀರಿ, ಆದ್ದರಿಂದ ಬರೆಯಲು ನೆನಪಾಗುವುದಿಲ್ಲ. ಹೊಸಬರು ‘ಈ ಸಲ ಯಾಕೆ ಉಲ್ಟಾ?’ ಎಂದು ಕೇಳಿದಾಗಲೇ ಅದು ಟಿಪ್ಪಣಿಗೆ ಬರುವುದು.

ಮೂರನೇ ಸುತ್ತು ಒಂದಲ್ಲ ಒಂದು ಸಲ ಕೆಡುತ್ತದೆ. ಆಗ ನೀವೇ ಲಾಗಿನ್ ಆಗಿ ಸರಿಮಾಡಿದಿರೋ, ಆರು ವಾರದ ಶ್ರಮ ಅಲ್ಲಿಗೆ ಮುಗಿಯಿತು. ಅದು ನಿಮ್ಮದೇ ಕೆಲಸವೆಂದು ಎಲ್ಲರೂ ತೀರ್ಮಾನಿಸುತ್ತಾರೆ. ನೀವು ಯಾವಾಗ ಕೈ ಹಾಕುತ್ತೀರೆಂದು ಮೊದಲೇ ಹೇಳಿಡಿ: ಡೇಟಾ ಹಾಳಾಗುತ್ತಿದ್ದರೆ ತಕ್ಷಣ, ಇಲ್ಲವಾದರೆ 30 ನಿಮಿಷ ಕಳೆದಮೇಲೆ. ಅಲ್ಲಿಯತನಕ ಫೋನಿನಲ್ಲಿ ಕೇಳಬೇಕಾದ್ದು ಇಷ್ಟೆ: ಲಾಗ್‌ನಲ್ಲಿ (ಸಿಸ್ಟಂ ತಾನೇ ಬರೆದಿಡುವ ದಾಖಲೆ) ಏನು ಕಾಣುತ್ತಿದೆ, ಈವರೆಗೆ ಏನೇನು ನೋಡಿದಿರಿ, ಹಿಂದಿನ ಆವೃತ್ತಿಗೆ ಮರಳಿದರೆ ಏನಾಗುತ್ತದೆ.

ಇನ್ನು ನಿಮ್ಮ ಕೋಡ್. ಆರು ಜನರ ಜೊತೆ ವಾರಕ್ಕೆ ಅರ್ಧ ಗಂಟೆಯಂತೆ ಮಾತನಾಡಿದರೇ ಮೂರು ಗಂಟೆ. ರಿವ್ಯೂ (ಬೇರೆಯವರು ಬರೆದ ಕೋಡ್ ಓದಿ ನೋಡುವುದು), ಡಿಸೈನ್ ಚರ್ಚೆ, ಬೇರೆ ತಂಡಗಳ ಮೀಟಿಂಗ್, ಹೇಳದೆ ಕೇಳದೆ ಬರುವ ತುರ್ತು ಎಲ್ಲ ಕಳೆದರೆ 40 ಗಂಟೆಯ ವಾರದಲ್ಲಿ ಕೋಡ್‌ಗೆ 12 ಗಂಟೆಗಿಂತ ಹೆಚ್ಚು ಎಣಿಸಬೇಡಿ. ಆ 12 ಗಂಟೆಯಲ್ಲೂ ಬೇರೆಯವರು ಕಾದು ಕೂರುವಂಥ ಕೆಲಸ ಹಿಡಿಯಬೇಡಿ. ನಿಮ್ಮ ಒಂದು ಮೀಟಿಂಗ್ ಉದ್ದವಾದರೆ ಅವರ ದಿನವೂ ಕೆಡುತ್ತದೆ. ಟೆಸ್ಟ್‌ಗಳು, ಸಣ್ಣ ಬಗ್‌ಗಳು, ಹೊಸ ಲೈಬ್ರರಿಯ ಪ್ರಯೋಗ ಇವು ಸರಿ.

ಜನ ಹೆಚ್ಚಾದರೆ ಹಗುರವಾಗಬಹುದೆಂದು ನಂಬಿ ಕೂರಬೇಡಿ. ಪರಸ್ಪರ ಮಾತನಾಡಬೇಕಾದ ಜೋಡಿಗಳು ಎಷ್ಟು ಬೇಗ ಬೆಳೆಯುತ್ತವೆಂದು ಸಾಫ್ಟ್‌ವೇರ್ ತಂಡಗಳ ಬಗ್ಗೆ ಬರೆದ ಎಂಜಿನಿಯರ್ ಫ್ರೆಡ್ ಬ್ರೂಕ್ಸ್ 1975ರಲ್ಲೇ ತೋರಿಸಿದ್ದರು. ನೀವೂ ಸೇರಿ ಏಳು ಜನರಿದ್ದರೆ 21 ಜೋಡಿ, ಇನ್ನು ಮೂವರು ಸೇರಿದರೆ 45.

ಪ್ರಶ್ನೆ: ತಂಡದವರಿಗೆ ಕೆಲಸ ಕೊಟ್ಟು, ಅವರು ಮಾಡಿದ್ದನ್ನು ತಿದ್ದುವುದಕ್ಕಿಂತ ನಾನೇ ಮಾಡಿದರೆ ಬೇಗ ಮುಗಿಯುತ್ತದೆ. ಇದು ನಿಜವೂ ಹೌದಲ್ಲ?

ಉತ್ತರ: ಮೊದಲ ಸಲಕ್ಕೆ ನಿಜ. ನಿಮಗೆ ಎರಡು ಗಂಟೆಯ ಕೆಲಸ ಅವರಿಗೆ ಆರು ಗಂಟೆ ಹಿಡಿದು, ಹೇಳಿಕೊಡಲು ನಿಮ್ಮದೂ ಒಂದೂವರೆ ಗಂಟೆ ಹೋಗಬಹುದು. ಆದರೆ ಆ ಕೆಲಸ ತಿಂಗಳಿಗೊಮ್ಮೆ ಬರುವಂಥದ್ದಾದರೆ ಮೂರನೇ ತಿಂಗಳಿಗೆ ನಿಮ್ಮ ಪಾಲು ಹತ್ತು ಹದಿನೈದು ನಿಮಿಷಕ್ಕೆ ಇಳಿಯುತ್ತದೆ. ವರ್ಷಕ್ಕೊಂದೇ ಸಲ ಬರುವ ಕೆಲಸವನ್ನು ನೀವೇ ಮಾಡಿ ಮುಗಿಸಿದರೂ ತಪ್ಪಿಲ್ಲ.

ತಿದ್ದುವುದು ಅಷ್ಟೊಂದು ಆಗುತ್ತಿದ್ದರೆ ಕೆಲಸ ಒಪ್ಪಿಸುವಾಗ ನೀವು ಆಡಿದ ಮಾತನ್ನೊಮ್ಮೆ ನೆನಪಿಸಿಕೊಳ್ಳಿ. ‘ಆ ರಿಪೋರ್ಟ್ ನಿಧಾನ ಆಗಿದೆ, ಸ್ವಲ್ಪ ನೋಡಿ’ ಎಂದರೆ ಎಷ್ಟು ನೋಡಬೇಕು, ಎಲ್ಲಿ ನಿಲ್ಲಿಸಬೇಕು ಅವರಿಗೆ ತಿಳಿಯದು. ಹೀಗೆ ಹೇಳಿ ನೋಡಿ: ‘ರಿಪೋರ್ಟ್ ತೆರೆಯಲು ಈಗ 40 ಸೆಕೆಂಡ್ ಆಗುತ್ತಿದೆ, 5ಕ್ಕೆ ಇಳಿಯಬೇಕು. ಕ್ವೆರಿ, ಇಂಡೆಕ್ಸ್ ನಿಮ್ಮ ತೀರ್ಮಾನ. ಟೇಬಲ್ ರಚನೆಗೆ ಕೈ ಹಾಕುವುದಾದರೆ ಮೊದಲು ನನಗೆ ಹೇಳಿ. ಬುಧವಾರ ಎಲ್ಲಿಗೆ ಬಂತು ನೋಡೋಣ, ಶುಕ್ರವಾರ ಮುಗಿಸೋಣ.’ ಬುಧವಾರದ ಆ ಹತ್ತು ನಿಮಿಷ ಬಿಡಬೇಡಿ. ದಾರಿ ತಪ್ಪಿದ್ದರೆ ಎರಡು ದಿನದ ಕೆಲಸ ಹೋಗುತ್ತದೆ, ಐದು ದಿನದ್ದಲ್ಲ.

ಯಾರನ್ನು ಎಷ್ಟು ಹತ್ತಿರದಿಂದ ನೋಡಬೇಕೆಂಬುದಕ್ಕೆ ಇಂಟೆಲ್‌ನ ಮುಖ್ಯಸ್ಥರಾಗಿದ್ದ ಆಂಡಿ ಗ್ರೋವ್ ಹೇಳಿದ ಅಳತೆ ಇಂದಿಗೂ ಕೆಲಸಕ್ಕೆ ಬರುತ್ತದೆ: ಅವರಿಗೆ ಎಷ್ಟು ವರ್ಷ ಅನುಭವ ಎಂದಲ್ಲ, ಈ ಕೆಲಸ ಎಷ್ಟು ಗೊತ್ತು ಎಂದು ನೋಡಬೇಕು. ಹತ್ತು ವರ್ಷ ಪಳಗಿದವರಿಗೂ ಹೊಸ ಬಗೆಯ ಕೆಲಸ ಕೊಟ್ಟಾಗ ದಿನಕ್ಕೊಮ್ಮೆ ವಿಚಾರಿಸಬೇಕಾಗುತ್ತದೆ.

ರಿವ್ಯೂನಲ್ಲಿ ಪ್ರತಿ ಮಾತಿನ ಮುಂದೆ ‘ಬದಲಿಸಲೇಬೇಕು’, ‘ಸಲಹೆ’, ‘ಪ್ರಶ್ನೆ’ ಎಂದು ಗುರುತು ಹಾಕಿ. ಲೆಕ್ಕ ತಪ್ಪುವುದು, ಡೇಟಾ ಕಳೆಯುವುದು, ಭದ್ರತೆಯ ದೋಷ ಇವಷ್ಟೇ ಮೊದಲನೆಯದಕ್ಕೆ ಸೇರಬೇಕು. ಹೆಸರಿಡುವ ಬಗೆ, ಸಾಲಿನ ಅಂತರ ಇವನ್ನು ಕೋಡ್‌ನ ರೂಪವನ್ನು ತಾವೇ ಪರೀಕ್ಷಿಸಿ ತಿದ್ದುವ ಫಾರ್ಮ್ಯಾಟರ್, ಲಿಂಟರ್ ಎಂಬ ಸಾಧನಗಳಿಗೆ ಬಿಡಿ. ಗುರುತಿಲ್ಲದ ಇಪ್ಪತ್ತು ಕಾಮೆಂಟ್ ಕಂಡವರು ಎಲ್ಲವನ್ನೂ ನಿಮ್ಮಿಚ್ಛೆಯಂತೆ ಬದಲಿಸುತ್ತಾರೆ, ಮುಂದಿನ ಸಲ ಸ್ವಂತವಾಗಿ ಯೋಚಿಸುವುದನ್ನೇ ಬಿಡುತ್ತಾರೆ.

ಪ್ರಶ್ನೆ: ನನಗಿಂತ ಹಿರಿಯರೊಬ್ಬರು ತಂಡದಲ್ಲಿದ್ದಾರೆ. ಈ ಹುದ್ದೆಯ ಆಸೆ ಅವರಿಗೂ ಇತ್ತು. ಈಗ ಮೀಟಿಂಗ್‌ನಲ್ಲಿ ನಾನು ಹೇಳಿದ್ದಕ್ಕೆಲ್ಲ ಅಡ್ಡ ಮಾತು. ಕೆಲಸ ಕಲಿಸಿದವರು ಅವರೇ, ಹೇಗೆ ಮಾತನಾಡಲಿ?

ಉತ್ತರ: ಇಬ್ಬರೇ ಕೂತು ಮಾತನಾಡಿ, ಈ ವಾರವೇ. ‘ನಮ್ಮ ನಡುವೆ ಏನೂ ಬದಲಾಗಿಲ್ಲ’ ಎನ್ನಬೇಡಿ. ಅವರ ಅಪ್ರೈಸಲ್ ನಿಮ್ಮ ಕೈಗೆ ಬಂದಿದೆ, ಬದಲಾಗಿದೆ ಎಂಬುದು ಅವರಿಗೂ ಗೊತ್ತು. ‘ಈ ಹುದ್ದೆ ನಿಮಗೂ ಬರಬಹುದಿತ್ತು, ಬೇಸರವಾಗಿದ್ದರೆ ನನಗೆ ಅರ್ಥವಾಗುತ್ತದೆ. ನಿಮ್ಮಿಂದ ಕಲಿತವನು ನಾನು. ಮುಂದೆ ಹೇಗೆ ನಡೆಸಿಕೊಂಡು ಹೋಗೋಣ, ನೀವೇ ಹೇಳಿ’ ಎಂದು ಆಮೇಲೆ ಸುಮ್ಮನಿರಿ. ಹುದ್ದೆ ಸಿಕ್ಕಿದ್ದಕ್ಕೆ ಕ್ಷಮೆ ಕೇಳುವುದೂ ಬೇಡ, ಸಮರ್ಥನೆಯೂ ಬೇಡ.

ಅವರು ಬಲ್ಲ ಒಂದು ಕ್ಷೇತ್ರದ ತಾಂತ್ರಿಕ ತೀರ್ಮಾನವನ್ನು ಪೂರ್ತಿಯಾಗಿ ಅವರಿಗೇ ಬಿಡಿ, ಅದನ್ನು ತಂಡದ ಮುಂದೆ ಹೇಳಿ. ಬಿಟ್ಟಮೇಲೆ, ನಿಮಗೆ ಒಪ್ಪಿಗೆಯಾಗದ ತೀರ್ಮಾನ ಬಂದರೂ ಹಿಂದೆಗೆಯಬೇಡಿ. ಅಡ್ಡ ಮಾತು ಮುಂದುವರಿದರೆ ಸ್ವಭಾವದ ಮೇಲೆ ಹೋಗದೆ ಘಟನೆಯನ್ನಷ್ಟೇ ಎತ್ತಿಕೊಳ್ಳಿ: ‘ನಿನ್ನೆ ರಿಲೀಸ್ ದಿನಾಂಕ ಒಪ್ಪಿಕೊಂಡು ಹೊರಬಂದಮೇಲೆ ಅದು ಆಗದ ಮಾತು ಎಂದು ಟೆಸ್ಟಿಂಗ್‌ನವರಿಗೆ ಹೇಳಿದಿರಿ. ಆಗದಿದ್ದರೆ ಮೀಟಿಂಗ್‌ನಲ್ಲೇ ಹೇಳಿ, ದಿನಾಂಕ ಬದಲಿಸೋಣ.’ ವಿರೋಧ ಎಲ್ಲರೆದುರು ಬಂದರೆ ತಂಡಕ್ಕೆ ಒಳ್ಳೆಯದೇ. ಹೊರಗೆ ಹೋಗಿ ಆಡುವ ಮಾತಿನಿಂದ ಕೆಲಸ ಕೆಡುತ್ತದೆ.

ಪ್ರಶ್ನೆ: ಪ್ರತಿ ವಾರ ಒಬ್ಬೊಬ್ಬರನ್ನೇ ಕೂರಿಸಿ ಮಾತನಾಡಿಸುತ್ತೇನೆ. ‘ಎಲ್ಲ ಸರಿ ಇದೆ ಮೇಡಂ’ ಎಂದು ಐದು ನಿಮಿಷಕ್ಕೆ ಎದ್ದು ಹೋಗುತ್ತಾರೆ.

ಉತ್ತರ: ‘ಹೇಗೆ ನಡೆಯುತ್ತಿದೆ?’ ಎಂದರೆ ಬೇರೆ ಉತ್ತರ ಬಾರದು. ‘ಈ ವಾರ ಯಾವುದಕ್ಕೆ ಕಾಯಬೇಕಾಯಿತು?’, ‘ಯಾವ ಕೆಲಸ ಅಂದುಕೊಂಡಿದ್ದಕ್ಕಿಂತ ಎರಡು ಪಟ್ಟು ಹೊತ್ತು ಹಿಡಿಯಿತು?’ ಎಂದು ಕೇಳಿ. ಕೆಲಸದ ವರದಿಯನ್ನು ಇಲ್ಲಿ ಪಡೆಯಬೇಡಿ; ಅದು ತಂಡದ ಕೆಲಸಗಳ ಪಟ್ಟಿಯಿರುವ ಬೋರ್ಡ್‌ನಲ್ಲೇ ಇರುತ್ತದೆ. ಹೇಳಿದ್ದರಲ್ಲಿ ಒಂದನ್ನು ಬರೆದುಕೊಂಡು, ಮುಂದಿನ ವಾರದೊಳಗೆ ಸರಿಮಾಡಿ ಅಥವಾ ಯಾಕೆ ಆಗದೆಂದು ತಿಳಿಸಿ. ಹೇಳಿದ್ದಕ್ಕೆ ಏನೋ ಆಗುತ್ತದೆಂದು ಕಂಡಮೇಲೆ ಜನ ಬಾಯಿಬಿಡುತ್ತಾರೆ, ಅದಕ್ಕೆ ಒಂದೂವರೆ ಎರಡು ತಿಂಗಳಾದರೂ ಬೇಕು. ನಿಮಗೆ ಬಿಡುವಿಲ್ಲವೆಂದು ಆ ಅರ್ಧ ಗಂಟೆಯನ್ನು ಸತತ ಎರಡು ಸಲ ರದ್ದು ಮಾಡಿದರೆ ಮತ್ತೆ ಮೊದಲಿನಿಂದ.

ಪ್ರಶ್ನೆ: ‘ಲೀಡ್ ಅಂತ ಕೆಲಸ ಶುರುಮಾಡಿ, ಹುದ್ದೆ ಆಮೇಲೆ ನೋಡೋಣ’ ಎನ್ನುತ್ತಿದ್ದಾರೆ. ಒಪ್ಪಲೇ?

ಉತ್ತರ: ಒಪ್ಪಬಹುದು, ನಾಲ್ಕು ವಿಷಯ ಇಮೇಲ್‌ನಲ್ಲಿ ಬಂದರೆ. ತಂಡದವರ ಅಪ್ರೈಸಲ್ ಬರೆಯುವವರು ಯಾರು, ರಜೆ ಮಂಜೂರು ಯಾರದು, ನನ್ನ ಸ್ವಂತ ಕೋಡಿಂಗ್ ಗುರಿ ಎಷ್ಟು ಕಡಿಮೆಯಾಗುತ್ತದೆ, ಹುದ್ದೆಯ ತೀರ್ಮಾನ ಯಾವ ದಿನಾಂಕಕ್ಕೆ. ಮೂರನೆಯದನ್ನು ಮರೆಯುವವರೇ ಹೆಚ್ಚು. ವರ್ಷದ ಕೊನೆಗೆ ಹಳೆಯ ಗುರಿಗಳ ಮೇಲೆಯೇ ಅವರನ್ನು ಅಳೆಯುತ್ತಾರೆ.

ಪ್ರಶ್ನೆ: ನನಗೆ ಜನರನ್ನು ನಡೆಸುವ ಕೆಲಸ ಒಗ್ಗುವುದಿಲ್ಲ ಅನಿಸುತ್ತದೆ. ಬೇಡವೆಂದರೆ ಅಲ್ಲೇ ಉಳಿಯಬೇಕೇ?

ಉತ್ತರ: ಹಾಗೇನಿಲ್ಲ. ತಂಡ ನಡೆಸದೆಯೇ ತಂತ್ರಜ್ಞರಾಗಿ ಮೇಲೇರುವ ದಾರಿ ಬಹಳ ಹಳೆಯದು. ಐಬಿಎಂ ‘ಫೆಲೋ’ ಎಂಬ ಉನ್ನತ ತಾಂತ್ರಿಕ ಪದವಿಯನ್ನು ಆರಂಭಿಸಿದ್ದು 1962ರಲ್ಲಿ. ನಿಮ್ಮ ಕಂಪನಿಯಲ್ಲೂ ಅಂಥ ಹಂತಗಳಿವೆಯೇ ಎಂದು ಎಚ್‌ಆರ್‌ನವರನ್ನು ಕೇಳಿ. ಅಷ್ಟಕ್ಕೇ ನಿಲ್ಲದೆ, ಆ ಹಂತದಲ್ಲಿ ಈಗ ಎಷ್ಟು ಜನರಿದ್ದಾರೆ, ಅವರ ಮಾತಿಗೆ ಯಾವ ತೀರ್ಮಾನಗಳಲ್ಲಿ ಬೆಲೆ ಇದೆ ಎಂದೂ ಕೇಳಿ. ಯಾರೂ ಇಲ್ಲವೆಂದರೆ ಆ ದಾರಿ ಕಾಗದದ ಮೇಲಷ್ಟೇ ಇದೆ.

ಒಗ್ಗುತ್ತದೋ ಇಲ್ಲವೋ ಎಂಬ ಅನುಮಾನವಷ್ಟೇ ಇದ್ದರೆ, ತರಬೇತಿಗೆ ಬಂದ ಒಬ್ಬರ ಹೊಣೆಯನ್ನು ಮೂರು ತಿಂಗಳು ಹೊತ್ತು ನೋಡಿ. ಅವರು ಎಲ್ಲೋ ಸಿಕ್ಕಿಕೊಂಡು ಬಂದಾಗ ಉತ್ತರ ಹೇಳದೆ ಪಕ್ಕದಲ್ಲಿ ಕೂರುವುದು ನಿಮಗೆ ಹಿಡಿಸುತ್ತದೆಯೇ, ಇಲ್ಲಾ ಎದ್ದು ಹೋಗಿ ನಿಮ್ಮ ಕೋಡ್ ತೆರೆಯೋಣ ಅನಿಸುತ್ತದೆಯೇ ಎಂಬುದು ಅಷ್ಟರಲ್ಲಿ ನಿಮಗೇ ಗೊತ್ತಾಗುತ್ತದೆ.