ಮಲ ಹೊರುವವರ ಪರ ಹೋರಾಡುವ ಸಂಘಟನೆಗಳಿಂದ ನಿಜಕ್ಕೂ ಏನಾದರೂ ಆಗಿದೆಯಾ?

ಕಾನೂನು ಇದ್ದರೂ ಮ್ಯಾನ್‌ಹೋಲ್‌ಗೆ ಇಳಿದವರು ಸಾಯುತ್ತಲೇ ಇದ್ದಾರೆ, ಮತ್ತೆ ಈ ಸಂಘಟನೆಗಳು ಮಾಡಿದ್ದೇನು ಅಂತ ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ. ಎಲ್ಲರ ಬಗ್ಗೆ ಹೇಳಲಾರೆ, ಸಫಾಯಿ ಕರ್ಮಚಾರಿ ಆಂದೋಲನದ ಬಗ್ಗೆ ಹೇಳುತ್ತೇನೆ.

ನನ್ನ ಪ್ರಕಾರ ಅವರ ದೊಡ್ಡ ಕೆಲಸ ಪುರಾವೆ ಕೂಡಿಹಾಕಿದ್ದು. ಅದರ ಬೇರು ನಮ್ಮ ಕೆಜಿಎಫ್‌ನಲ್ಲೇ ಇದೆ. ಆಂದೋಲನ ಕಟ್ಟಿದವರಲ್ಲಿ ಒಬ್ಬರಾದ ಬೆಜವಾಡ ವಿಲ್ಸನ್ 1966ರಲ್ಲಿ ಹುಟ್ಟಿದ್ದು ಅಲ್ಲೇ, ಮಲ ಹೊರುತ್ತಿದ್ದ ಕುಟುಂಬದಲ್ಲಿ. ದೇಶಕ್ಕೆ ಚಿನ್ನ ಕೊಟ್ಟ ಊರಿನ ಗಣಿ ಕಾಲೊನಿಗಳಲ್ಲಿ ನೀರಿಲ್ಲದ ಒಣ ಪಾಯಿಖಾನೆಗಳಿದ್ದವು, ಅದನ್ನು ಬಾಚಿ ಬಕೆಟ್‌ಗೆ ತುಂಬಿ ಹೊತ್ತೊಯ್ಯಬೇಕಿತ್ತು. ಅವರು ಫೋಟೊ ತೆಗೆದರು, ಅಧಿಕಾರಿಗಳಿಗೆ ಕಾಗದದ ಮೇಲೆ ಕಾಗದ ಬರೆದರು, ಕೊನೆಗೆ ಪಾಯಿಖಾನೆಗಳು ಬದಲಾದವು, ಆ ಕೆಲಸಗಾರರಿಗೂ ಬೇರೆ ಕೆಲಸ ಸಿಕ್ಕಿತು.

ಆಮೇಲೆ ನಿವೃತ್ತ ಐಎಎಸ್ ಅಧಿಕಾರಿ ಎಸ್.ಆರ್. ಶಂಕರನ್ ಮುಂತಾದವರ ಜೊತೆ ಸೇರಿ ಆಂದೋಲನ ಕಟ್ಟಿದರು. 1993ರಲ್ಲೇ ಮಲ ಹೊರಿಸುವುದನ್ನು ನಿಷೇಧಿಸುವ ಕಾಯ್ದೆ ಬಂದಿತ್ತು, ಆದರೆ ಯಾವ ಸರ್ಕಾರವನ್ನು ಕೇಳಿದರೂ 'ನಮ್ಮಲ್ಲಿ ಅಂಥವರೇ ಇಲ್ಲ' ಅನ್ನೋದು! ಇಲ್ಲದವರಿಗೆ ಪುನರ್ವಸತಿ ಎಲ್ಲಿಂದ ಬರಬೇಕು? 2003ರಲ್ಲಿ ಆಂದೋಲನ ಸುಪ್ರೀಂ ಕೋರ್ಟ್‌ಗೆ ಹೋಯಿತು. ರಾಜ್ಯಗಳು 'ಇಲ್ಲ' ಅಂದಾಗಲೆಲ್ಲ ಇವರು ಫೋಟೊ, ಊರು, ಕೆಲಸಗಾರರ ವಿವರ ತಂದಿಟ್ಟರು. ಕೇಸು ಹನ್ನೊಂದು ವರ್ಷ ಎಳೆಯಿತು. ಅಷ್ಟರಲ್ಲಿ 2013ರ ಹೊಸ ಕಾಯ್ದೆ ಬಂತು, ಅದರಲ್ಲಿ ಸರಿಯಾದ ಸುರಕ್ಷಾ ಸಾಧನವಿಲ್ಲದೆ ಒಳಚರಂಡಿಗೂ ಸೆಪ್ಟಿಕ್ ಟ್ಯಾಂಕ್‌ಗೂ ಜನರನ್ನು ಇಳಿಸುವುದೂ ಅಪರಾಧ. 2014ರ ಮಾರ್ಚ್‌ನ ತೀರ್ಪು, 1993ರಿಂದ ಒಳಚರಂಡಿಯಲ್ಲಿ ಸತ್ತವರ ಕುಟುಂಬಗಳನ್ನು ಗುರುತಿಸಿ ತಲಾ 10 ಲಕ್ಷ ಕೊಡಿ ಅಂದಿತು. 2016ರಲ್ಲಿ ವಿಲ್ಸನ್‌ಗೆ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು.

ಹಾಗಂತ ಗೆದ್ದುಬಿಟ್ಟರು ಅಂತಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ, ಮಲ ಹೊರುವ ಕೆಲಸದಿಂದ ಯಾರೂ ಸತ್ತ ವರದಿ ಇಲ್ಲ ಅಂದಿತು. ಹೇಗೆ ಅಂದರೆ, ಗುಂಡಿಯಲ್ಲಿ ಸತ್ತವರನ್ನು 'ಅಪಾಯಕಾರಿ ಸ್ವಚ್ಛತೆ' ಅನ್ನೋ ಬೇರೆ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೆ. ಇದು ಓದಿದಾಗ ನನಗೆ ಮೈ ಉರಿಯಿತು. ಇವತ್ತಿಗೂ ಸಾವಾದರೆ ಗುತ್ತಿಗೆದಾರ 'ಅವನೇ ಇಳಿದ, ನಾವು ಹೇಳಿರಲಿಲ್ಲ' ಅಂತಾನೆ, ಮನೆಯವರ ಕೈಗೆ ಅಷ್ಟೋ ಇಷ್ಟೋ ಕೊಟ್ಟು ಬಾಯಿ ಮುಚ್ಚಿಸೋದೂ ಉಂಟು.

ಅಂಥ ಹೊತ್ತಲ್ಲಿ ಸಂಘಟನೆಯವರು ಪಕ್ಕದಲ್ಲಿದ್ದರೆ ಬಹಳ ವ್ಯತ್ಯಾಸ ಆಗುತ್ತೆ. ನಿಮ್ಮ ಸುತ್ತಮುತ್ತ ಹೀಗೇನಾದರೂ ನಡೆದರೆ ಎಫ್‌ಐಆರ್‌ನಲ್ಲಿ 2013ರ ಕಾಯ್ದೆ ಹಾಕಿದ್ದಾರಾ ನೋಡಿ. ಸತ್ತವರು ಪರಿಶಿಷ್ಟ ಜಾತಿಯವರಾಗಿದ್ದರೆ ದೌರ್ಜನ್ಯ ತಡೆ ಕಾಯ್ದೆಯನ್ನೂ ಸೇರಿಸಲು ಕೇಳಿ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಳಚರಂಡಿ ಸಾವಿನ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿದೆ, ಹಳೆಯ ಪ್ರಕರಣದಲ್ಲಿ ಹಣವೇ ಸಿಗದವರಿಗೂ ಅಷ್ಟೇ ಸಿಗಬೇಕು. ಗುತ್ತಿಗೆದಾರನ ಜೊತೆ ಯಾವ ಕಾಗದಕ್ಕೂ ಸಹಿ ಹಾಕುವ ಮೊದಲು ಇದನ್ನು ಆ ಮನೆಯವರಿಗೆ ತಿಳಿಸಿ.