ಅಪ್ಪನ ಕಾಲದ ಸಾಂಬಾರ್ ಪುಡಿ ಕವರ್ ಪೂರ್ತಿ ಬದಲಾಯಿಸಬೇಕಾ?

ಪ್ರಶ್ನೆ: ನಮ್ಮದು ಮಂಡ್ಯ. ಅಪ್ಪ 25 ವರ್ಷದಿಂದ ಸಾಂಬಾರ್ ಪುಡಿ, ರಸಂ ಪುಡಿ, ಚಟ್ನಿ ಪುಡಿ ಮಾಡಿ ಸುತ್ತಮುತ್ತಲಿನ ಅಂಗಡಿಗಳಿಗೆ ಹಾಕುತ್ತಿದ್ದಾರೆ. ಹಳದಿ ಚೀಟಿಯ ಮೇಲೆ ಗಿಣಿ ಚಿತ್ರ, ಪಾಲಿಥಿನ್ ಕವರ್, ಮೇಲೊಂದು ಸ್ಟೇಪ್ಲರ್ ಪಿನ್. ಈಗ ವ್ಯಾಪಾರ ನಾನು ನೋಡಿಕೊಳ್ಳುತ್ತಿದ್ದೇನೆ. ಹೆಸರು, ಚಿತ್ರ, ಬಣ್ಣ ಎಲ್ಲ ಬದಲಾಯಿಸಿ ಮಾಡರ್ನ್ ಮಾಡಬೇಕು ಅಂತಿದ್ದೇನೆ. ಅಪ್ಪ ಸುತರಾಂ ಬೇಡ ಅಂತಾರೆ. ಯಾರು ಸರಿ?

ಉತ್ತರ:

ಗಿಣಿ ವಿಷಯದಲ್ಲಿ ನಿಮ್ಮ ತಂದೆ ಸರಿ. ಕವರ್ ವಿಷಯದಲ್ಲಿ ನೀವು ಸರಿ. ಇಷ್ಟು ಸಾಕು ಅನ್ನುವುದಾದರೆ ಇಲ್ಲಿಗೇ ಓದುವುದು ನಿಲ್ಲಿಸಬಹುದು. ಯಾಕೆ ಅಂತ ಕೇಳುವುದಾದರೆ ಸ್ವಲ್ಪ ಉದ್ದದ ಕಥೆ ಇದೆ.

ನಾನು ಮೈಸೂರಿನಲ್ಲಿ 14 ವರ್ಷದಿಂದ ಪ್ಯಾಕೆಟ್, ಲೇಬಲ್ ಡಿಸೈನ್ ಮಾಡುವ ಕೆಲಸ ಮಾಡುತ್ತಿದ್ದೇನೆ. ಊದುಬತ್ತಿ ಡಬ್ಬಿ, ಬೆಲ್ಲದ ಪ್ಯಾಕೆಟ್, ಉಪ್ಪಿನಕಾಯಿ ಲೇಬಲ್, ಹಪ್ಪಳದ ಕವರ್, ಒಮ್ಮೆ ಫಿನಾಯಿಲ್ ಬಾಟಲಿ ಕೂಡ. ದೊಡ್ಡ ಕಂಪನಿಗಳು ನನ್ನ ಹತ್ತಿರ ಬರುವುದಿಲ್ಲ. ಮನೆ ಹಿಂದೆ ಶೆಡ್ ಹಾಕಿಕೊಂಡು ದುಡಿಯುವವರು ಬರುತ್ತಾರೆ. ನಿಮ್ಮ ಹಾಗೆ ಅಪ್ಪನ ಜೊತೆ ಜಗಳ ಆಡಿಕೊಂಡು ಬರುವ ಮಕ್ಕಳೇ ಜಾಸ್ತಿ.

ಈ ಕೆಲಸ ನಾನು ಕಲಿತದ್ದು ಒಬ್ಬರ ದುಡ್ಡು ಹಾಳು ಮಾಡಿ. ಶುರು ಮಾಡಿ ಇನ್ನೂ ಎರಡನೇ ವರ್ಷ. ಶಾವಿಗೆ ಮಾಡುವವರೊಬ್ಬರು ಬಂದರು. ಅವರದ್ದು ತೆಳು ಪ್ಲಾಸ್ಟಿಕ್ ಕವರ್. ಒಳಗಿನ ಶಾವಿಗೆ ಪೂರ್ತಿ ಕಾಣುತ್ತಿತ್ತು. ಮೇಲೆ ಹಸಿರು ಬಣ್ಣದಲ್ಲಿ ಒಂದು ನವಿಲು. ಆ ನವಿಲನ್ನು ನೋಡಿದರೆ ಕೋಳಿಗೆ ಜ್ವರ ಬಂದ ಹಾಗಿತ್ತು. ನನಗೆ ಕೈ ಕಡಿಯಿತು. ಹೊಳಪಿಲ್ಲದ ಕಪ್ಪು ಮ್ಯಾಟ್ ಪೌಚ್ ಮಾಡಿಸಿದೆ. ನವಿಲನ್ನು ಮೂಲೆಗೆ ತಳ್ಳಿ, ಬಂಗಾರದ ಬಣ್ಣದಲ್ಲಿ ಒಂದೇ ಗೆರೆಯಲ್ಲಿ ಎಳೆದೆ. ಹೆಸರು ಇಂಗ್ಲಿಷಿನಲ್ಲಿ ದೊಡ್ಡದಾಗಿ, ಕನ್ನಡದಲ್ಲಿ ಚಿಕ್ಕದಾಗಿ. ಫೋಟೋ ತೆಗೆದು ಗೆಳೆಯರಿಗೆಲ್ಲ ಕಳಿಸಿದೆ. ಎಲ್ಲರೂ ಸೂಪರ್ ಅಂದರು. ಅವರಲ್ಲಿ ಒಬ್ಬರೂ ಅಂಗಡಿಗೆ ಹೋಗಿ ಶಾವಿಗೆ ತರುವವರಲ್ಲ. ಅದು ಆಗ ತಲೆಗೆ ಹೋಗಲಿಲ್ಲ.

ಎರಡು ತಿಂಗಳಿಗೆ ಅವರು ವಾಪಸ್ ಬಂದರು. ಅಂಗಡಿಯವರು ಮಾಲು ಹಿಂದಕ್ಕೆ ಕಳಿಸುತ್ತಿದ್ದಾರೆ ಎಂದರು. ನಾನು ನಂಬಲಿಲ್ಲ. ಅವರ ಜೊತೆ ಅಗ್ರಹಾರದ ಒಂದು ದಿನಸಿ ಅಂಗಡಿಗೆ ಹೋಗಿ, ಅಕ್ಕಿ ಮೂಟೆ ಮೇಲೆ ಕೂತೆ. ಅರವತ್ತರ ಆಸುಪಾಸಿನ ಒಬ್ಬ ಅಮ್ಮ ಬಂದರು. "ಒಂದು ನವಿಲು ಶಾವಿಗೆ ಕೊಡಪ್ಪ" ಅಂದರು. ಅಂಗಡಿಯವನು ನನ್ನ ಕಪ್ಪು ಪೌಚ್ ಕೊಟ್ಟ. ಅಮ್ಮ ಅದನ್ನು ತಿರುಗಿಸಿ ನೋಡಿದರು. ಟ್ಯೂಬ್‌ಲೈಟಿನ ಕಡೆ ಎತ್ತಿ ಹಿಡಿದರು. ಏನೂ ಕಾಣಲಿಲ್ಲ. ಕಿವಿ ಹತ್ತಿರ ತಂದು ಅಲ್ಲಾಡಿಸಿದರು. ಕೆಳಗಿನ ಅಂಚನ್ನು ಬೆರಳಲ್ಲಿ ಒತ್ತಿದರು.

"ಇದು ಅದಲ್ಲ ಬಿಡು. ಆ ಹಸಿರು ನವಿಲಿಂದು ಈಗ ಬರಲ್ವಾ?"

"ಅದೇ ಅಮ್ಮ ಇದು. ಕವರ್ ಹೊಸದು ಅಷ್ಟೇ."

"ಒಳಗೆ ನುಚ್ಚಾಗಿದೆಯೋ ಇಲ್ವೋ ಹೆಂಗೆ ಗೊತ್ತಾಗಬೇಕು ನಂಗೆ?"

ಪಕ್ಕದಲ್ಲಿದ್ದ ಬೇರೆಯವರ ಪಾರದರ್ಶಕ ಪ್ಯಾಕೆಟ್ ತಗೊಂಡು ಹೋದರು. ನಾನು ಮೂಟೆ ಮೇಲಿಂದ ಎದ್ದು, ಸುಮ್ನೆ ಬಾಗಿಲಾಚೆ ಹೋಗಿ ನಿಂತೆ.

ಆ ಜ್ವರದ ಕೋಳಿಯೇ ಅವರ ಹೆಸರಾಗಿತ್ತು. ಪೊಟ್ಟಣದ ಮೇಲೆ ಅಚ್ಚಾದ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ಇನ್ನೊಂದು, ತೆಳು ಕವರ್ ಅಂದರೆ ನನಗೆ ಬಡತನ ಕಂಡಿತ್ತು. ಅಮ್ಮನಿಗೆ ಅದು ಕಿಟಕಿ.

ಹಾಗಾಗಿ ಡಿಸೈನರ್ ಹುಡುಕುವ ಮುಂಚೆ ನೀವು ಮಾಡಬೇಕಾದ ಕೆಲಸ ಒಂದಿದೆ. ಪೇಟೆ ಬೀದಿಯಲ್ಲಿ ನಿಮ್ಮ ಮಾಲು ಚೆನ್ನಾಗಿ ಹೋಗುವ ಒಂದು ಅಂಗಡಿಯಲ್ಲಿ ಎರಡು ಸಂಜೆ ಕೂತುಕೊಳ್ಳಿ. ಪಾಂಡವಪುರದ ಸಂತೆಯಲ್ಲಿ ಮಾರುತ್ತಿದ್ದರೆ ಅಲ್ಲೂ ಒಂದು ದಿನ. ಜನ ನಿಮ್ಮ ಪುಡಿಯನ್ನು ಯಾವ ಮಾತಿನಲ್ಲಿ ಕೇಳುತ್ತಾರೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. "ಗಿಣಿ ಪುಡಿ" ಅಂತಾರಾ? "ಹಳದಿ ಚೀಟಿಂದು" ಅಂತಾರಾ? ನಿಮ್ಮ ತಂದೆಯ ಹೆಸರು ಹೇಳಿ ಕೇಳುತ್ತಾರಾ? ಅವರು ಹೇಳುವ ಮಾತಿಗೆ ಕೈ ಹಾಕಬೇಡಿ. ಅವರು ಹೇಳದೇ ಇರುವುದನ್ನೆಲ್ಲ ಬದಲಾಯಿಸಿ, ಯಾರಿಗೂ ಗೊತ್ತೇ ಆಗುವುದಿಲ್ಲ.

ನಂದಿನಿ ಹಾಲನ್ನೇ ನೋಡಿ. "ಟೋನ್ಡ್ ಹಾಲು ಕೊಡಿ" ಅಂತ ಬೂತಿನಲ್ಲಿ ಕೇಳಿದವರನ್ನು ನೀವು ನೋಡಿದ್ದೀರಾ? "ಎರಡು ನೀಲಿ ಪ್ಯಾಕೆಟ್" ಅಂತಾರೆ, ಮುಗೀತು. ಮೈಸೂರು ಸ್ಯಾಂಡಲ್ ಸೋಪು 1918ರಿಂದ ಇದೆ. ಆ ಮೊಟ್ಟೆಯಾಕಾರ, ಆನೆಯ ತಲೆ ಸಿಂಹದ ಮೈ ಇರುವ ಆ ಶರಭ, ಇವೆರಡು ಇದ್ದರೆ ಸಾಕು, ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಅದೇ ಸೋಪು ಅಂತ ಗೊತ್ತಾಗುತ್ತದೆ. ನಮ್ಮೂರಿನಲ್ಲೇ ಎನ್. ರಂಗರಾವ್ ಅವರು 1948ರಲ್ಲಿ ಶುರು ಮಾಡಿದ ಊದುಬತ್ತಿಯ ಹೆಸರು ಸೈಕಲ್. ಊದುಬತ್ತಿಗೂ ಸೈಕಲ್ಲಿಗೂ ಏನು ಸಂಬಂಧ? ಏನೂ ಇಲ್ಲ. ಆದರೆ ಓದು ಬಾರದವರೂ ಬೆರಳು ತೋರಿಸಿ ಕೇಳಬಹುದು, ಯಾವ ಭಾಷೆಯವರೂ ಹೇಳಬಹುದು. ನಿಮ್ಮ ಗಿಣಿಯೂ ಅದೇ ಜಾತಿ.

ಇದು ಹಳ್ಳಿ ಅಂಗಡಿಯ ಮಾತು ಅಂದುಕೊಳ್ಳಬೇಡಿ. 2009ರಲ್ಲಿ ಅಮೆರಿಕದಲ್ಲಿ ಟ್ರಾಪಿಕಾನಾ ತನ್ನ ಕಿತ್ತಳೆ ಜ್ಯೂಸಿನ ಡಬ್ಬಿ ಬದಲಾಯಿಸಿತು. ಕಿತ್ತಳೆ ಹಣ್ಣಿಗೆ ಸ್ಟ್ರಾ ಚುಚ್ಚಿದ ಹಳೇ ಚಿತ್ರ ತೆಗೆದು ಗ್ಲಾಸಿನ ಚಿತ್ರ ಹಾಕಿದರು. ಎರಡು ತಿಂಗಳೊಳಗೆ ಮಾರಾಟ ಸುಮಾರು 20 ಪರ್ಸೆಂಟ್ ಬಿತ್ತು. ಹಳೇ ಡಬ್ಬಿಯನ್ನೇ ವಾಪಸ್ ತಂದರು. ಜ್ಯೂಸು ಅದೇ ಇತ್ತು. ಅವರಿಗೆ ತಡೆದುಕೊಳ್ಳುವ ಶಕ್ತಿ ಇತ್ತು, ನನ್ನ ಶಾವಿಗೆಯವರಿಗೆ ಇರಲಿಲ್ಲ.

ಈಗ ನೀವು ಸರಿ ಇರುವ ಭಾಗ. ಸಾಂಬಾರ್ ಪುಡಿ ಶಾವಿಗೆ ಅಲ್ಲ. ಅದನ್ನು ಯಾರೂ ಬೆಳಕಿಗೆ ಹಿಡಿದು ನೋಡಬೇಕಾಗಿಲ್ಲ. ಬೆಳಕೇ ಅದಕ್ಕೆ ಶತ್ರು. ಮೆಣಸಿನಕಾಯಿಯ ಕೆಂಪು ಬಿಸಿಲಿಗೆ, ಟ್ಯೂಬ್‌ಲೈಟಿಗೆ ಮಂಕಾಗುತ್ತದೆ. ಸಾದಾ ಪಾಲಿಥಿನ್ ವಾಸನೆಯನ್ನೂ ತಡೆಯುವುದಿಲ್ಲ. ಒಂದು ಪರೀಕ್ಷೆ ಮಾಡಿ. ನಿಮ್ಮ ಒಂದು ಪ್ಯಾಕೆಟ್ಟನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿ, ಒಂದು ವಾರ ಬಿಟ್ಟು ತೆಗೆಯಿರಿ. ಡಬ್ಬಿ ಘಂ ಅನ್ನುತ್ತದೆ. ಆ ಘಮ ಪುಡಿಯೊಳಗೆ ಇರಬೇಕಿತ್ತು ಅಲ್ವಾ? ಒಳಗೆ ಬೆಳ್ಳಿ ಪದರ ಇರುವ ಲ್ಯಾಮಿನೇಟೆಡ್ ಪೌಚಿಗೆ ಹೋಗಿ, ಮೇಲೆ ಬಿಸಿಯಿಂದ ಬಾಯಿ ಅಂಟಿಸುವ ಹೀಟ್ ಸೀಲ್ ಹಾಕಿಸಿ. ಸ್ಟೇಪ್ಲರ್ ಪಿನ್ ಇವತ್ತೇ ನಿಲ್ಲಿಸಿ. ಯಾರದ್ದೋ ಸಾಂಬಾರಿಗೆ ಬಿದ್ದರೆ 25 ವರ್ಷದ ಹೆಸರು ಒಂದೇ ಊಟಕ್ಕೆ ಹೋಗುತ್ತದೆ.

ಮುಂಭಾಗದ ಬಗ್ಗೆ ನನ್ನ ಕಿವಿಮಾತು ಒಂದೇ. ನಮ್ಮ ಕಡೆಯ ಅಂಗಡಿಗಳಲ್ಲಿ ಪುಡಿ ಪ್ಯಾಕೆಟ್ ಹೇಗಿಡುತ್ತಾರೆ ನೋಡಿದ್ದೀರಲ್ಲ. ರಟ್ಟಿನ ಡಬ್ಬಿಯ ಬಾಯಿ ಕತ್ತರಿಸಿ ಅದರೊಳಗೆ ಸಾಲಾಗಿ ನಿಲ್ಲಿಸುತ್ತಾರೆ. ಇಲ್ಲವಾದರೆ ಕ್ಲಿಪ್ ಹಾಕಿ ಒಂದರ ಮೇಲೊಂದು ತೂಗು ಹಾಕುತ್ತಾರೆ. ಎರಡರಲ್ಲೂ ಕಾಣುವುದು ಮೇಲಿನ ಮೂರನೇ ಒಂದು ಭಾಗ ಮಾತ್ರ. ಕಂಪ್ಯೂಟರಿನಲ್ಲಿ ನೋಡುವಾಗ ಪ್ಯಾಕೆಟ್ ಪೂರ್ತಿ ಕಾಣುತ್ತದೆ, ಅದಕ್ಕೇ ಡಿಸೈನರುಗಳು ಹೆಸರನ್ನು ನಡುವಿಗೆ ಹಾಕುತ್ತಾರೆ. ನಿಮ್ಮ ಗಿಣಿಯೂ ಪುಡಿಯ ಹೆಸರೂ ಆ ಮೇಲಿನ ಭಾಗದಲ್ಲೇ ಇರಲಿ. ಕೆಳಗೆ ಇಡ್ಲಿ ಸಾಂಬಾರಿನ ಫೋಟೋ ಏನು ಬೇಕಾದರೂ ಹಾಕಿಕೊಳ್ಳಿ. ಹಳದಿ ಉಳಿಸಿ, ಆದರೆ ಮೂರು ಪುಡಿಗೂ ಒಂದೇ ಹಳದಿ ಬೇಡ. ಅಂಗಡಿ ಹುಡುಗ ಸಾಂಬಾರ್ ಕೇಳಿದರೆ ರಸಂ ಕೊಡುತ್ತಾನೆ. ಹಳದಿಯ ಕೆಳಗೆ ಒಂದೊಂದಕ್ಕೆ ಒಂದೊಂದು ಬಣ್ಣದ ಪಟ್ಟಿ ಕೊಡಿ, ಸಾಕು.

ಕನ್ನಡ ಅಕ್ಷರದ ವಿಷಯದಲ್ಲಿ ನನ್ನ ಹೊಟ್ಟೆ ಉರಿಯುತ್ತದೆ, ಅದಕ್ಕೇ ಎರಡು ಮಾತು ಜಾಸ್ತಿ ಬರೆಯುತ್ತೇನೆ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಫಾಂಟ್ ಬದಲಾದರೆ, ಸಾಫ್ಟ್‌ವೇರ್ ಸೆಟಿಂಗ್ ಸರಿ ಇಲ್ಲದಿದ್ದರೆ, ಒತ್ತಕ್ಷರ ಒಡೆದು ಹೋಗುತ್ತದೆ. ಚಟ್ನಿ ಪುಡಿ "ಚಟ್‌ನಿ ಪುಡಿ" ಆಗುತ್ತದೆ. ಹೊರರಾಜ್ಯದ ಪ್ರೆಸ್ಸಿನಲ್ಲಿ ಕೂತವರಿಗೆ ಕನ್ನಡ ಓದಲು ಬರುವುದಿಲ್ಲ, ಅವರ ಕಣ್ಣಿಗೆ ಎರಡೂ ಒಂದೇ. ಫೈಲ್ ಕಳಿಸುವ ಮುಂಚೆ ಅಕ್ಷರವನ್ನೆಲ್ಲ ಕರ್ವ್ಸ್ ಮಾಡಿಸಿ. ಅಂದರೆ ಅಕ್ಷರ ಚಿತ್ರವಾಗಿಬಿಡುತ್ತದೆ, ಆಮೇಲೆ ಒಡೆಯುವುದಿಲ್ಲ. ಪ್ರಿಂಟ್ ತೆಗೆದ ಪ್ರೂಫನ್ನು ನಿಮ್ಮ ತಂದೆಯ ಕೈಗೆ ಕೊಟ್ಟು ಜೋರಾಗಿ ಓದಿಸಿ. ಕನ್ನಡವನ್ನು ದೊಡ್ಡದಾಗೇ ಇಡಿ. ರಾಜ್ಯದಲ್ಲಿ ತಯಾರಾದ ವಸ್ತುಗಳ ಪ್ಯಾಕೆಟ್ ಮೇಲೆ ಕನ್ನಡ ಇರಲೇಬೇಕು ಅಂತ 2025ರ ಫೆಬ್ರುವರಿಯಲ್ಲಿ ಸರ್ಕಾರ ಆದೇಶವನ್ನೂ ಮಾಡಿದೆ. ಆದರೆ ಬರೀ ಕನ್ನಡ ಸಾಲದು. ಕಾನೂನು ಕೇಳುವ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲೂ ಇರಬೇಕು.

ಆ ವಿವರಗಳು ಹೋಗುವುದು ಹಿಂಭಾಗಕ್ಕೆ. ಬೇಜಾರಿನ ಕೆಲಸ, ಆದರೆ ತಪ್ಪಿದರೆ ದಂಡ. ಪದಾರ್ಥಗಳ ಪಟ್ಟಿ, ತೂಕ, ತಯಾರಕರ ಹೆಸರು ವಿಳಾಸ, ತಯಾರಾದ ದಿನ, ಎಷ್ಟು ದಿನ ಬಳಸಬಹುದು, ಬ್ಯಾಚ್ ನಂಬರ್, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರಿಗೆ ಫೋನ್ ನಂಬರ್, ಎಫ್‌ಎಸ್‌ಎಸ್‌ಎಐನ (ಆಹಾರ ಸುರಕ್ಷತಾ ಪ್ರಾಧಿಕಾರದ) 14 ಅಂಕಿಯ ನಂಬರ್. ಈಗ ಗ್ರಾಂ ಲೆಕ್ಕದ ಬೆಲೆಯನ್ನೂ ಕೇಳುತ್ತಾರೆ. 100 ಗ್ರಾಂಗೆ 45 ರೂಪಾಯಿ ಆದರೆ ಗ್ರಾಂಗೆ 0.45 ರೂಪಾಯಿ ಅಂತ ಹಾಕಬೇಕು. ಸಸ್ಯಾಹಾರದ ಹಸಿರು ಚುಕ್ಕೆ ಮಾತ್ರ ಮುಂಭಾಗದಲ್ಲೇ ಇರಲಿ. ಅದಕ್ಕೂ ಅಳತೆ ಇದೆ. ಮುಂಭಾಗ 100ರಿಂದ 500 ಚದರ ಸೆಂ.ಮೀ. ಇದ್ದರೆ ಚುಕ್ಕೆ ಕನಿಷ್ಠ 4 ಮಿ.ಮೀ., ಸುತ್ತಲಿನ ಚೌಕದ ಬದಿ ಅದರ ಎರಡರಷ್ಟು. ಒಟ್ಟಿನಲ್ಲಿ ಹಿಂಭಾಗದ ವಿಷಯ ಮೊದಲು ಬರೆದುಕೊಂಡು, ಆಮೇಲೆ ಪೌಚಿನ ಅಳತೆ ಗೊತ್ತು ಮಾಡಿ. ಎಲ್ಲರೂ ಉಲ್ಟಾ ಮಾಡುತ್ತಾರೆ, ಕೊನೆಗೆ ಇರುವೆ ಕಾಲಿನಂಥ ಅಕ್ಷರ ತುರುಕುತ್ತಾರೆ. ದಿನಾಂಕ ಒತ್ತುವುದಕ್ಕೆ ಒಂದಿಷ್ಟು ಖಾಲಿ ಬಿಳಿ ಜಾಗವನ್ನೂ ಬಿಡಿ. ನುಣುಪು ಪೌಚಿನ ಮೇಲೆ ರಬ್ಬರ್ ಸ್ಟಾಂಪಿನ ಶಾಯಿ ಬೆರಳಿಗೇ ಬಂದುಬಿಡುತ್ತದೆ. ಯಾವ ಇಂಕ್ ಹಿಡಿಯುತ್ತದೆ ಅಂತ ಖಾಲಿ ಪೌಚಿನ ಮೇಲೆ ಒತ್ತಿ, ಒರೆಸಿ ನೋಡಿ.

ಬಾರ್‌ಕೋಡ್ ಬಗ್ಗೆ ನನ್ನದೇ ಇನ್ನೊಂದು ಎಡವಟ್ಟು ಕೇಳಿ. ಒಬ್ಬರ ಬೆಲ್ಲದ ಪುಡಿ ಪ್ಯಾಕೆಟ್ಟಿಗೆ ಎಲ್ಲ ಕೆಂಪು, ಕೆನೆ ಬಣ್ಣದಲ್ಲಿ ಹೊಂದಿಸಿದ್ದೆ. ಕಪ್ಪು ಬಾರ್‌ಕೋಡ್ ಕಣ್ಣಿಗೆ ಚುಚ್ಚುತ್ತಿತ್ತು. ಅದನ್ನೂ ಇಟ್ಟಿಗೆ ಕೆಂಪು ಮಾಡಿಬಿಟ್ಟೆ. ಸೂಪರ್ ಮಾರ್ಕೆಟ್ಟಿನಲ್ಲಿ ಸ್ಕ್ಯಾನರ್ ಓದಲೇ ಇಲ್ಲ. ಸ್ಕ್ಯಾನರಿನಿಂದ ಬರುವುದು ಕೆಂಪು ಬೆಳಕು. ಅದರ ಕೆಳಗೆ ಕೆಂಪು ಗೆರೆಯೂ ಬಿಳಿಯಾಗೇ ಕಾಣುತ್ತದೆ. ಮೂರು ಸಾವಿರ ಪ್ಯಾಕೆಟ್ಟಿನ ಮೇಲೆ ಕಪ್ಪು ಬಾರ್‌ಕೋಡಿನ ಸ್ಟಿಕ್ಕರ್ ಅಂಟಿಸಿದೆವು. ನಾನು, ನನ್ನ ಹೆಂಡತಿ, ಅವರ ಮನೆಯವರೆಲ್ಲ ಸೇರಿ ಒಂದು ಭಾನುವಾರ ಪೂರ್ತಿ.

ದುಡ್ಡಿನ ವಿಷಯ. ದೊಡ್ಡ ಪ್ರಮಾಣದಲ್ಲಿ ಪೌಚ್ ಅಚ್ಚು ಹಾಕಿಸಿದರೆ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಸಿಲಿಂಡರ್, ಅಂದರೆ ಅಚ್ಚಿನ ಉರುಳೆ, ಮಾಡಿಸಬೇಕು. ಆಮೇಲೆ ಒಂದು ಅಕ್ಷರ ತಪ್ಪಿದ್ದು ಕಂಡರೂ ಆ ಬಣ್ಣದ ಸಿಲಿಂಡರ್ ಹೊಸದು. ಮೊದಲ ದಿನವೇ ಅಲ್ಲಿಗೆ ಹೋಗಬೇಡಿ. ಸಾದಾ ಬೆಳ್ಳಿ ಪೌಚ್ ತಂದು, ಹೊಸ ಡಿಸೈನನ್ನು ಸ್ಟಿಕ್ಕರ್ ಮಾಡಿಸಿ, ಒಂದು ಐನೂರು ಪ್ಯಾಕೆಟ್ ತಯಾರು ಮಾಡಿ. ನಿಮಗೆ ಸಲಿಗೆ ಇರುವ ಮೂರು ಅಂಗಡಿಗೆ ಮಾತ್ರ ಹಾಕಿ. "ಹೊಸ ಕವರ್, ಅದೇ ಪುಡಿ" ಅಂತ ಮೂಲೆಯಲ್ಲೊಂದು ಪಟ್ಟಿ ಇರಲಿ. ಮತ್ತೆ ಹೋಗಿ ಮೂಟೆ ಮೇಲೆ ಕೂತುಕೊಳ್ಳಿ. ಜನ ಕೈಯಲ್ಲಿ ಹಿಡಿದು ಏನು ಮಾಡುತ್ತಾರೆ ನೋಡಿ. ಸಿಲಿಂಡರ್ ಆಮೇಲೆ.

ಹೆಸರು, ಗಿಣಿ ಎರಡಕ್ಕೂ ಟ್ರೇಡ್‌ಮಾರ್ಕ್ ಅರ್ಜಿ ಹಾಕಿ. ಟ್ರೇಡ್‌ಮಾರ್ಕಿನ ಸರಕು ವಿಂಗಡಣೆಯಲ್ಲಿ ಮಸಾಲೆ ಪುಡಿ 30ನೇ ವರ್ಗಕ್ಕೆ ಬರುತ್ತದೆ. ಆದರೆ ಮೊದಲು ಹುಡುಕಿ ನೋಡಿ. ಗಿಣಿ ಇಟ್ಟುಕೊಂಡವರು ನೀವೊಬ್ಬರೇ ಇರಲಿಕ್ಕಿಲ್ಲ.

ಕೊನೆಗೆ ಆ ಗಿಣಿ. ಡಿಸೈನರ್ ಇಂಟರ್ನೆಟ್ಟಿನಿಂದ ಯಾವುದೋ ಚಂದದ ಗಿಣಿ ಇಳಿಸಿ ಕೊಡುತ್ತಾನೆ, ಒಪ್ಪಬೇಡಿ. ಅದು ಬೇರೆ ಗಿಣಿ. ಮೊದಲ ಸಲ ಚೀಟಿ ಅಚ್ಚು ಹಾಕಿಸಿದಾಗಿನ ಬ್ಲಾಕೋ, ಹಳೇ ಚೀಟಿಯೋ ತಂದೆಯ ಹತ್ತಿರ ಎಲ್ಲಾದರೂ ಇದ್ದೇ ಇರುತ್ತದೆ. ಬೀರು ಮೇಲಿನ ಡಬ್ಬಿಯಲ್ಲಿ ಹುಡುಕಿ. ಅದನ್ನೇ ಇಟ್ಟುಕೊಂಡು ಗೆರೆ ಚೊಕ್ಕ ಮಾಡಿಸಿ, ಮುಖ ಯಾವ ಕಡೆ ಇದೆಯೋ ಆ ಕಡೆಯೇ ಇರಲಿ. ಇದನ್ನು ಓದುವಾಗ ಪ್ಯಾಕೆಟ್ ನೋಡದೆ ಹೇಳಿ, ನಿಮ್ಮ ಗಿಣಿ ಎಡಕ್ಕೆ ನೋಡುತ್ತದೋ ಬಲಕ್ಕೋ? ನಿಮಗೆ ಗೊತ್ತಿಲ್ಲದಿದ್ದರೆ ಅಪ್ಪನನ್ನು ಕೇಳಿ. ಆಮೇಲೆ ಪ್ಯಾಕೆಟ್ಟಿನ ಎರಡೂ ಕಡೆಯ ಫೋಟೋ ಇಲ್ಲೇ ಕೆಳಗೆ ಹಾಕಿ, ಹಿಂಭಾಗದಲ್ಲಿ ಏನೇನು ಬಿಟ್ಟುಹೋಗಿದೆ ಅಂತ ನೋಡಿ ಹೇಳ್ತೀನಿ.